ರೈಲಿಲ್ಲದ ಊರಿನ ಗಾರ್ಡು

ರೈಲಿನ ಊಟದ ಡಬ್ಬಿಯಲ್ಲಿ ಕೂತು, ಕಿಟಕಿಯಾಚೆ ಓಡುವ ತೆಂಗಿನಮರಗಳನ್ನು ನೋಡುತ್ತ, ಬಣ್ಣಬಣ್ಣದ ತಂಪು ಪಾನೀಯ ಕುಡಿಯುವ ಭಾಗ್ಯ ನನಗೆ ಮೊದಲ ಸಲ ಒದಗಿದ್ದು ಅರಕಲಗೂಡಿನಲ್ಲಿ. ಅರಕಲಗೂಡಿಗೆ ರೈಲೆಲ್ಲಿ ಬರುತ್ತದೆ ಮಹಾರಾಯ ಎಂದು ನೀವು ಕೇಳಬಹುದು. ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೂ ನಾನು ಹತ್ತಿದ್ದು ನಿಜ, ಕುಡಿದದ್ದು ನಿಜ, ತೆಂಗಿನಮರ ಓಡಿದ್ದೂ ನಿಜ.

ಹೋದ ವಾರ ಸಿದ್ದಯ್ಯನಿಂದ ಕಾಗದ ಬಂತು. ಅವನು ನನ್ನ ಜೊತೆ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. 'ಗಾರ್ಡಪ್ಪ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರಂತೆ' ಎಂದು ಎರಡೇ ಸಾಲು ಬರೆದಿದ್ದ. ನನಗೆ ಅಳು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ ನಗುವೂ ನುಗ್ಗಿ ಬಂತು. ಕಾಗದ ಹಿಡಿದು ನಾನೊಬ್ಬನೇ ನಗುವುದನ್ನು ಕಂಡು ನನ್ನ ಹೆಂಡತಿ, "ಯಾರಿಗೆ ಮಗುವಾಯ್ತು?" ಎಂದು ಕೇಳಿದಳು.

ಅವರ ನಿಜವಾದ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಬರೆದರೆ ಅರಕಲಗೂಡಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು ಗಾರ್ಡಪ್ಪ. ಹಾಗಂತ ಅವರು ಗಾರ್ಡಾಗಿದ್ದವರೂ ಅಲ್ಲ. ಇಪ್ಪತ್ತೆಂಟು ವರ್ಷ ರೈಲಿನ ಊಟದ ಡಬ್ಬಿಯಲ್ಲಿ ಬಡಿಸುವ ಬೇರರ್ ಆಗಿದ್ದವರು. "ಗಾರ್ಡ್ ಆಗಾಕೆ ಓದಿರ್ಬೇಕು ಸಾ. ನಾನು ಓದಿರಾದು ಮೆನು ಒಂದೇಯ" ಎನ್ನುತ್ತಿದ್ದರು. ಆದರೆ ಎಲ್ಲಿಂದಲೋ ಗಾರ್ಡಿನ ಹಳೇ ಕರಿಯ ಕೋಟೊಂದನ್ನು ಸಂಪಾದಿಸಿದ್ದರು. ಒಂದೇ ಒಂದು ದಿನ ಬಿಟ್ಟರೆ, ಏಪ್ರಿಲ್ ಬಿಸಿಲಿನಲ್ಲೂ ಅದರ ಒಂದು ಗುಂಡಿ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಆಗ ಅವರ ಸುದ್ದಿಯನ್ನು ಮೊದಲು ತಂದವನು ನಮ್ಮ ಮೂರನೆಯವನಾದ ರಂಗಸ್ವಾಮಿ. ಅದೇ ಕಚೇರಿ, ಪಕ್ಕದ ಮೇಜು. ಪೇಟೆಯ ಯಾವ ಸುದ್ದಿಯೂ ಅವನ ಕಿವಿಯನ್ನು ಹಾಯದೆ ಮುಂದೆ ಹೋಗುತ್ತಿರಲಿಲ್ಲ. ನಾವು ಮೂವರೂ ಮದುವೆಯಾಗದವರು. ಭಾನುವಾರ ಬಂತೆಂದರೆ ಸೈಕಲ್ ಏರಿ ಊರೂರು ಸುತ್ತುವುದೇ ಕೆಲಸ. ಒಂದು ಶನಿವಾರ ಸಂಜೆ ರಂಗಸ್ವಾಮಿ ನಮ್ಮಿಬ್ಬರನ್ನೂ ಕಚೇರಿಯ ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದ.

"ಲೇ, ಅರಕಲಗೂಡಲ್ಲಿ ಒಬ್ಬ ಬಾರ್ ಇಟ್ಟಿದಾನಂತೆ ಕಣ್ರೋ! ಒಳಗೆಲ್ಲಾ ರೈಲಿನ ಥರಾನೇ ಇದೆಯಂತೆ. ಒಂದಕ್ಕೊಂದು ಬೆರೆಸಿ, ಕುಲುಕಿ ಕುಲುಕಿ ಕೊಡ್ತಾನಂತೆ. ಮೂರು ಮೂರು ಬಣ್ಣ!"

"ಪಾನನಿರೋಧ ಇದೆಯಲ್ಲೋ?" ಎಂದೆ ನಾನು.

"ಅದಕ್ಕೇ ಅರಕಲಗೂಡಲ್ಲಿ ಇಟ್ಟಿರೋದು. ಹಾಸನದಲ್ಲಿ ಇಟ್ರೆ ಹಿಡಿಯಲ್ವೇನೋ?"

ಇಂಥ ತರ್ಕಕ್ಕೆ ಎದುರಾಡುವುದು ಹೇಗೆ? ನಮ್ಮಲ್ಲಿ ಯಾರೊಬ್ಬರೂ ಅದುವರೆಗೆ ಹೆಂಡದ ವಾಸನೆಯನ್ನೂ ಹತ್ತಿರದಿಂದ ನೋಡಿದವರಲ್ಲ. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ರಂಗಸ್ವಾಮಿ ಒಂದು ಪೊಟ್ಟಣದ ತುಂಬ ಏಲಕ್ಕಿ, ಲವಂಗ ಕಟ್ಟಿಸಿಕೊಂಡು ಬಂದ, ವಾಪಸು ಬರುವಾಗ ಬಾಯಿ ವಾಸನೆ ಹೊಡೆಯಬಾರದಲ್ಲ. ಗುರುತಿನವರು ಸಿಕ್ಕಿದರೆ ಇರಲಿ ಎಂದು ತಲೆಗೆ ಸುತ್ತಿಕೊಳ್ಳಲು ಒಂದೊಂದು ಟವೆಲ್ಲನ್ನೂ ತಂದಿದ್ದ. ಹೊಳೆ ದಾಟಿ ಏರು ಹತ್ತುವಾಗ ಎದೆ ಡವಡವ ಹೊಡೆದುಕೊಂಡದ್ದು ಸೈಕಲ್ ತುಳಿದದ್ದಕ್ಕಲ್ಲ.

ಅರಕಲಗೂಡಿನ ಸಂತೆ ರಸ್ತೆಯಲ್ಲಿ ಮೊದಲು ಮೆಣಸಿನಕಾಯಿ ಗೋದಾಮಾಗಿದ್ದ ಒಂದು ಉದ್ದನೆಯ ಕಟ್ಟಡ. ಅದಕ್ಕೆ ರೈಲು ಡಬ್ಬಿಯ ಕೆಂಗಂದು ಬಣ್ಣ ಬಳಿದಿತ್ತು, ಸಾಲಾಗಿ ಕಿಟಕಿ ಬರೆದಿತ್ತು, ಬಾಗಿಲಿಗೆ ಹಿಡಿದು ಹತ್ತಲು ಎರಡು ಕಬ್ಬಿಣದ ಸರಳು ಹಾಕಿತ್ತು. ಮೆಟ್ಟಿಲ ಮೇಲೆ ಗಾರ್ಡಪ್ಪ, ಮೈಮೇಲೆ ಕರಿ ಕೋಟು, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಸಿರು ಬಾವುಟ. ನಮ್ಮನ್ನು ಕಂಡದ್ದೇ ಕೈ ಅಡ್ಡ ಹಿಡಿದರು.

"ಎಲ್ಡು ನಿಮಿಷ ಸಾ. ಇಳಿಯೋರು ಇಳೀಲಿ. ಆಮೇಕೆ ಹತ್ತೀರಂತೆ."

ಆಮೇಲೆ ಒಂದು ತಗಡಿನ ಡಬ್ಬ ಮುಂದೆ ಹಿಡಿದರು. ಅದರೊಳಗೆ ರಟ್ಟಿನ ಟಿಕೆಟುಗಳು, ಒಂದೊಂದರ ಮೇಲೂ ಒಂದು ನಂಬರು. ಕಣ್ಣು ಮುಚ್ಚಿ ಕೈ ಹಾಕಿ ಎತ್ತಬೇಕು. ಯಾವ ನಂಬರು ಬರುತ್ತದೋ ಅದೇ ಸೀಟು, ಎದುರುಬದುರಾಗಿ ಒಟ್ಟು ಹನ್ನೆರಡು. ನಾವು ಮೂವರೂ ಒಟ್ಟಿಗೆ ಕೂರುತ್ತೇವೆ ಎಂದು ರಂಗಸ್ವಾಮಿ ತಕರಾರು ತೆಗೆದ.

"ಜೊತೇಲಿ ಬಂದೋರು ಜೊತೇಲಿ ಕೂರಾದು ಮನೇಲಿ ಸಾ. ರೈಲಲ್ಲಿ ಕಂಡೋರ ಜೊತೆ ಕೂರ್ಬೇಕು. ಅದ್ಕೇ ಅಲ್ವಾ ರೈಲು ಹತ್ತಾದು?"

ರಂಗಸ್ವಾಮಿ ಮೂರು ಟಿಕೆಟ್ ಎತ್ತಿದ. ಹಿಂದೆ ತಿರುಗಿ ನೋಡಿದರೆ ಸಿದ್ದಯ್ಯ ಇರಲಿಲ್ಲ. ರಸ್ತೆಯಾಚೆ ಬೇವಿನಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಸೈಕಲ್ಲಿನ ಟೈರು ಒತ್ತಿ ನೋಡುತ್ತಿದ್ದ. "ನೀವು ಹೋಗ್ಬನ್ನಿ. ನಂಗೆ ಬಾಯಾರಿಕೆ ಇಲ್ಲ. ಟೈರು ಯಾಕೋ ಮೆತ್ತಗಾಗಿದೆ" ಎಂದ. ಹೊಸದೇನಲ್ಲ. ದಾರಿಯಲ್ಲಿ ಯಾವ ಹೋಟೆಲು ಬಂದರೂ ಅವನಿಗೆ ಬಾಯಾರಿಕೆ ಇರುತ್ತಿರಲಿಲ್ಲ, ಟೈರು ಮಾತ್ರ ಮೆತ್ತಗಾಗುತ್ತಿತ್ತು. ನಾವು ಒಳಗೆ ಹೊರಟೆವು.

ಗಾರ್ಡಪ್ಪ ಬಿಡಲಿಲ್ಲ. "ಮೂರು ಟಿಕೆಟ್ಟು. ಪ್ಯಾಸೆಂಜರ್ ಇಬ್ರೇ ಆದ್ರಲ್ಲ?" ಎನ್ನುತ್ತ ರಸ್ತೆ ದಾಟಿ ಹೋದರು. ನಾವೂ ಹಿಂದೆ ಹೋದೆವು. ಸಿದ್ದಯ್ಯ ಎದ್ದು ನಿಂತ. ತಗ್ಗಿದ ದನಿಯಲ್ಲಿ, "ಯಜಮಾನ್ರೆ, ನಾನು ಇದೇ ತಾಲೂಕಿನವನು. ಮಲ್ಲಿಪಟ್ಟಣದ ಕಡೆ, ಊರಾಚೆ ಕೇರಿ. ಒಳಗೆ ನನ್ನ ಗುರುತು ಇರೋರು ಇರ್ತಾರೆ. ನಿಮಗ್ಯಾಕೆ ತೊಂದರೆ?" ಎಂದ.

"ನಾನು ಗುರುತು ಕೇಳಿದ್ನಾ ಸಾ? ಟಿಕೆಟ್ ಕೇಳ್ದೆ" ಎಂದರು ಗಾರ್ಡಪ್ಪ. ರಂಗಸ್ವಾಮಿಯ ಕೈಯಿಂದ ಒಂದು ಟಿಕೆಟ್ ಕಿತ್ತು ಸಿದ್ದಯ್ಯನ ಅಂಗೈಯಲ್ಲಿಟ್ಟು ಮಡಿಚಿದರು. "ನಾಕನೇ ನಂಬ್ರ. ಕಿಟಕಿ ಪಕ್ಕ. ಬೇಗ ಬನ್ನಿ, ಗಾಡಿ ಓಯ್ತದೆ."

ನನ್ನ ಮುಖಕ್ಕೆ ಯಾರೋ ಹೊಡೆದಂತಾಯಿತು. ಮೂರು ವರ್ಷ ಒಂದೇ ಕಚೇರಿ, ಮೂರು ವರ್ಷ ಜೊತೆಯಲ್ಲಿ ಸೈಕಲ್ ತುಳಿದಿದ್ದೇವೆ. ಹಾಸನದಲ್ಲಾದರೆ ಯಾರಿಗೆ ಯಾರು ಗೊತ್ತು, ನಮ್ಮ ಜೊತೆ ಕೂತು ದೋಸೆ ತಿನ್ನುತ್ತಿದ್ದ. ಊರು ದಾಟಿದ ಮೇಲೆ ಮಾತ್ರ ಈ ಟೈರಿನ ಕಾಯಿಲೆ. ಆ ಟೈರು ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಪಂಚರ್ ಆಗಿರಲಿಲ್ಲ ಎಂಬುದು ನನಗೆ ಹೊಳೆಯಲು ಗಾರ್ಡಪ್ಪನವರೇ ಬರಬೇಕಾಯಿತು. ನನಗೆ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಒಳಗೆ ಹೋದರೆ ಅಯ್ಯಯ್ಯೋ, ಏನು ಹೇಳಲಿ! ಒರಗುವ ಬೆನ್ನಿನ ಮರದ ಬೆಂಚುಗಳು, ನಡುವೆ ಕಿರಿದಾದ ಮೇಜು, ತಲೆಯ ಮೇಲೆ ಸಾಮಾನಿಡುವ ಹಲಗೆ, ಎಳೆಯಲು ಒಂದು ಸರಪಳಿ. ಒಂದು ಪಕ್ಕದ ಕಿಟಕಿ ಚೌಕಟ್ಟುಗಳ ಹಿಂದೆ ಉದ್ದನೆಯ ಬಟ್ಟೆ. ಯಾವುದೋ ನಾಟಕದ ಕಂಪನಿಯ ಪರದೆ ಬರೆಯುವವರಿಂದ ಬರೆಸಿದ್ದು. ಸೀಟಿ ಊದಿದ್ದೇ ತಡ, ಆ ಬಟ್ಟೆ ಸರಸರ ಸರಿಯತೊಡಗಿತು! ತೆಂಗಿನಮರ ಓಡಿದವು, ಹೇಮಾವತಿಯ ಸೇತುವೆ ಬಂತು, ಶೆಟ್ಟಿಹಳ್ಳಿಯ ಇಗರ್ಜಿಯ ಗೋಪುರ ಬಂತು, ಗದ್ದೆಯಲ್ಲಿ ಒಂದು ಎಮ್ಮೆ ಬಂತು. ನನ್ನ ಎದುರು ಕೂತಿದ್ದ ಮುದುಕರೊಬ್ಬರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನೂ ಹಿಡಿದುಕೊಂಡೆ. ಅದೇ ಎಮ್ಮೆ ಮೂರನೇ ಸಲ ಬಂದಾಗ ಮಾತ್ರ ನನಗೆ ಗುಟ್ಟು ತಿಳಿಯಿತು. ಬಟ್ಟೆಯ ಎರಡು ತುದಿಗಳನ್ನು ಸೇರಿಸಿ ಹೊಲಿದು, ಎರಡು ಉರುಳೆಗಳ ಮೇಲೆ ಹಾಕಿದ್ದರು.

ಮೂಲೆಯಲ್ಲಿ ಕೂತು ಉರುಳೆಯ ಹಿಡಿ ತಿರುಗಿಸುತ್ತಿದ್ದವರು ಗಾರ್ಡಪ್ಪನವರ ಹೆಂಡತಿ. ಬಾಯಿ ತುಂಬ ಎಲೆಅಡಿಕೆ. ಅವರನ್ನು ಗಂಡ ಕರೆಯುತ್ತಿದ್ದದ್ದೇ 'ಡ್ರೈವರಮ್ಮ' ಎಂದು. ಬೆಳಿಗ್ಗೆ ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆದಿದ್ದರೆ ಆ ದಿನ ಗಾಡಿ ಮೇಲ್ ಗಾಡಿಯೇ ಸರಿ. ಎಮ್ಮೆ, ಇಗರ್ಜಿ, ಸೇತುವೆ ಎಲ್ಲ ಒಂದರ ಮೇಲೊಂದು ನುಗ್ಗಿ ಬರುತ್ತಿದ್ದವು. ತಲೆ ತಿರುಗಿ ಇಳಿದವರಿಗೆ ಗಾರ್ಡಪ್ಪ ಪುಕ್ಕಟೆ ನಿಂಬೆಹಣ್ಣು ಕೊಡುತ್ತಿದ್ದರು.

ಮೆಣಸಿನಕಾಯಿಯ ಘಾಟು ಗೋಡೆ ಬಿಟ್ಟು ಹೋಗಿರಲಿಲ್ಲ. ಹತ್ತಿದವರೆಲ್ಲ ನಾಲ್ಕು ಸಲವಾದರೂ ಸೀನುತ್ತಿದ್ದರು. "ಇಂಜಿನ್ ಹೊಗೆ ಸಾ, ಕಿಟಕಿ ಪಕ್ಕ ಕೂತ್ರೆ ಇದ್ದದ್ದೇಯ" ಎನ್ನುವರು ಗಾರ್ಡಪ್ಪ. ಜನ ನಂಬುತ್ತಿದ್ದರು. ನಂಬಲು ಅವರಿಗೆ ಇಷ್ಟವಿತ್ತು. ಸುತ್ತಿನ ಹಳ್ಳಿಗಳಲ್ಲಿ ರೈಲು ಕಂಡಿರದ ಎಷ್ಟೋ ಜನ ಇಲ್ಲಿ ಕೂತೆದ್ದು ಹೋಗಿ, 'ನಾನು ರೈಲಲ್ಲಿ ಓಗಿದ್ದೆ' ಎಂದು ಮನೆಯಲ್ಲಿ ಹೇಳಿಕೊಂಡದ್ದನ್ನು ನಾನು ಬಲ್ಲೆ.

ಕುಡಿಯಲು ಕೊಡುತ್ತಿದ್ದದ್ದು? ಹೆಂಡದ ಹನಿಯೂ ಅಲ್ಲಿರಲಿಲ್ಲ. ಗೋಲಿ ಸೋಡ, ಸೊಗದೆ ಬೇರಿನ ಶರಬತ್ತು, ಶುಂಠಿ, ನಿಂಬೆ, ಬೆಲ್ಲದ ಪಾಕ, ಮಜ್ಜಿಗೆ, ಕಾಮಕಸ್ತೂರಿ ಬೀಜ. ಆದರೆ ಅದನ್ನು ಬೆರೆಸುವ ವೈಖರಿ ಮಾತ್ರ ದೊರೆಗಳಿಗೆ ಬೆರೆಸಿ ಕೊಟ್ಟು ಕಲಿತದ್ದು. ಮುಚ್ಚಳದ ಒಂದು ಬಿಳಿ ಲೋಹದ ಪಾತ್ರೆಯನ್ನು ಕಿವಿಯ ಹತ್ತಿರ ಹಿಡಿದು, ಸೊಂಟದಿಂದ ಮೇಲೆ ಇಡೀ ಮೈ ಕುಲುಕುತ್ತಿದ್ದರು. "ಓಡೋ ಗಾಡೀಲಿ ಇಷ್ಟು ಕಷ್ಟ ಇಲ್ಲ ಸಾ, ಗಾಡೀನೇ ಕುಲುಕಿಕೊಡ್ತದೆ. ಇಲ್ಲಿ ಅದು ನಿಂತದಲ್ಲ, ನಾನೇ ಅಲ್ಲಾಡ್ಬೇಕು." ನಡೆಯುವಾಗಲೂ ಅಷ್ಟೆ, ಕಾಲು ಅಗಲಿಸಿ, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ತೂಗುತ್ತ ಬರುವರು. ಅಲುಗಾಡದ ನೆಲದ ಮೇಲೆ ನೆಟ್ಟಗೆ ನಡೆಯುವುದು ಅವರಿಗೆ ಮರೆತೇಹೋಗಿತ್ತು. ತಟ್ಟೆಯಲ್ಲಿನ ಎಂಟು ಲೋಟದಲ್ಲಿ ಒಂದು ತೊಟ್ಟು ಚೆಲ್ಲಿದ್ದನ್ನು ನಾನು ಕಂಡಿಲ್ಲ.

ಪಾನೀಯಗಳ ಹೆಸರೂ ರೈಲಿನವೇ. 'ಅರಸೀಕೆರೆ ಜಂಕ್ಷನ್' ಎಂದರೆ ಮೂರು ಬಣ್ಣ. ತಳದಲ್ಲಿ ಬೆಲ್ಲ ಶುಂಠಿ, ನಡುವೆ ಸೊಗದೆ ಬೇರು, ಮೇಲೆ ನಿಂಬೆ ಸೋಡ. ಚಮಚದ ಬೆನ್ನ ಮೇಲಿಂದ ಉಸಿರು ಹಿಡಿದು ಇಳಿಸುವರು. "ಮೂರು ಲೈನು ಕೂಡ್ಬೇಕು, ಡಿಕ್ಕಿ ಒಡೀಬಾರ್ದು." 'ಘಾಟ್ ಸೆಕ್ಷನ್' ಎಂದರೆ ಮೆಣಸು, ಹಸಿಶುಂಠಿ, ಸೂಜಿಮೆಣಸು ಅರೆದ ಮಜ್ಜಿಗೆ. ಇದೇ ಆ ಪದಾರ್ಥವಿರಬೇಕೆಂದು ರಂಗಸ್ವಾಮಿ ಒಂದೇ ಗುಟುಕಿಗೆ ಏರಿಸಿದ. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. "ಏರ್ತಾ ಇದೆ ಕಣೋ, ಏರ್ತಾ ಇದೆ!" ಎಂದು ಕೂಗಿ ಅಷ್ಟೂ ಏಲಕ್ಕಿಯನ್ನು ಬಾಯಿಗೆ ಸುರಿದುಕೊಂಡ. ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾಲ್ಕನೇ ನಂಬರಿನಲ್ಲಿ ಸಿದ್ದಯ್ಯನೂ ನಗುತ್ತಿದ್ದ. ಎದುರಿನ ಸೀಟಿನವರು ಅವನ ಊರು ಕೇರಿ ಕೇಳದೆ, 'ನೀವೇನು ತಗೊಂಡ್ರಿ? ಅದು ಎಂಗದೆ?' ಎಂದು ಅವನ ಲೋಟದತ್ತ ಬಗ್ಗಿ ನೋಡುತ್ತಿದ್ದರು.

ಆಮೇಲೆ ಎರಡು ವಾರಕ್ಕೊಮ್ಮೆಯಾದರೂ ನಾವು ಅಲ್ಲಿ ಹಾಜರು. ಗಾರ್ಡಪ್ಪನವರ ಮಾತು ಕೇಳುವುದೇ ಒಂದು ಹಬ್ಬ. ಅವರ ಜಾತಿ ಯಾವುದು ಎಂಬುದು ಅರಕಲಗೂಡಿನ ದೊಡ್ಡ ಒಗಟು. ಯಾರಾದರೂ ಬಳಸಿ ಬಳಸಿ, "ನೀವು ಯಾವ ಪೈಕಿ?" ಎಂದರೆ, "ಮೀಟರ್ ಗೇಜು" ಎಂದು ಹೇಳಿ ಲೋಟ ತೊಳೆಯಲು ಹೋಗುವರು. ತೊಳೆಯುವುದಕ್ಕೆ ಒಂದೇ ತೊಟ್ಟಿ, ಒಂದೇ ಸಾಲು ಲೋಟ. ಊರಿನ ಬೇರೆ ಅಂಗಡಿಗಳಲ್ಲಿ ಕೇರಿಯವರಿಗೆಂದು ಸೂರಿನಡಿ ಬೇರೆ ಲೋಟ ಸಿಕ್ಕಿಸಿಡುತ್ತಿದ್ದ ಕಾಲ ಅದು. ಗಾರ್ಡಪ್ಪ ಇದರ ಬಗ್ಗೆ ಭಾಷಣ ಮಾಡಿದ್ದಿಲ್ಲ. ಟಿಕೆಟ್ಟಿನ ಡಬ್ಬ ಮುಂದೆ ಹಿಡಿಯುವರು, ಅಷ್ಟೇ. ಯಾರ ಎದುರು ಯಾರು ಬಿದ್ದರೂ ಅದು ಅವರವರ ಕೈಯ ಫಲ.

ಹೀಗೆ ಒಂದು ವರ್ಷ ನಡೆಯಿತು. ನಡೆದದ್ದೇ ಆಶ್ಚರ್ಯ ಎಂದು ಈಗ ಅನ್ನಿಸುತ್ತದೆ.

ಗೋದಾಮಿನ ಮಾಲೀಕರು ಮಲ್ಲಿಪಟ್ಟಣದ ಕಡೆಯ ಒಬ್ಬ ಪಟೇಲರು. ಬಾಡಿಗೆಗೆ ಆಳು ಕಳಿಸುತ್ತಿದ್ದರೇ ಹೊರತು ತಾವು ಬಂದವರಲ್ಲ. ಒಂದು ಭಾನುವಾರ ತಮ್ಮ ಗೋದಾಮು ಏನಾಗಿದೆ ನೋಡೋಣವೆಂದು ಬಂದರು. ಒಳ್ಳೆಯ ಉಮೇದಿನಲ್ಲೇ ಇದ್ದರು. ಕಾಶಿಗೆ ರೈಲಿನಲ್ಲಿ ಹೋಗಿಬಂದ ಕಥೆಯನ್ನು ಬಾಗಿಲಲ್ಲೇ ಶುರುಮಾಡಿ, ನಗುನಗುತ್ತ ಡಬ್ಬಕ್ಕೆ ಕೈ ಹಾಕಿದರು. ಎಂಟನೇ ನಂಬರು ಬಂತು. ಏಳರಲ್ಲಿ, ಸರಿಯಾಗಿ ಎದುರಿಗೆ, ಸಿದ್ದಯ್ಯ ಕೂತಿದ್ದ. ನಾನು ಪಕ್ಕದ ಸಾಲಿನಲ್ಲಿದ್ದೆ.

ಪಟೇಲರು ಕೂತು, ಶಲ್ಯ ಸರಿಮಾಡಿಕೊಂಡು, ತಲೆ ಎತ್ತಿ ನೋಡಿದರು. "ಏನ್ಲಾ, ನೀನು ನಮ್ಮ ಗದ್ದೆ ಕಾಳನ ಮಗ ಅಲ್ವೇನ್ಲಾ?"

"ಹೌದು ಬುದ್ಧಿ" ಎಂದ ಸಿದ್ದಯ್ಯ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಸರ್ಕಾರಿ ಕೆಲಸದಲ್ಲಿದ್ದ ನಮ್ಮ ಸಿದ್ದಯ್ಯ ಆ ಮಾತಿನ ಜೊತೆಗೇ, ತನಗೇ ಗೊತ್ತಿಲ್ಲದೆ, ಸೀಟಿನಿಂದ ಅರ್ಧ ಎದ್ದುಬಿಟ್ಟ.

ಅಷ್ಟರಲ್ಲಿ ಗಾರ್ಡಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೂರಿಸಿದರು. "ಓಡೋ ಗಾಡೀಲಿ ಏಳ್ಬಾರ್ದು ಸಾ. ಬಿದ್ಬುಡ್ತೀರಿ."

"ಏಯ್, ಅವನ್ನ ಏಳ್ಸಯ್ಯ" ಎಂದರು ಪಟೇಲರು.

"ಅವರ್ದು ಏಳ್ನೇ ನಂಬ್ರ ಬುದ್ಧಿ. ತಮ್ದು ಎಂಟು."

"ನಂಬ್ರ ಬರ್ದೋನು ನೀನಲ್ವೇನೋ?"

"ಬರ್ದೋನು ನಾನೇಯ. ಎತ್ಕಂಡದ್ದು ತಮ್ಮ ಕೈ."

"ನಂಗೆ ಫಸ್ಟ್ ಕ್ಲಾಸಲ್ಲಿ ಸೀಟು ಕೊಡು. ರೈಲಲ್ಲಿ ಫಸ್ಟ್ ಕ್ಲಾಸ್ ಇಲ್ವಾ? ನಾನೇನು ರೈಲು ಕಂಡಿಲ್ವಾ?"

"ಅದೆ ಬುದ್ಧಿ. ಮಲಗೋ ಡಬ್ಬೀಲಿ ಅದೆ. ಊಟದ ಡಬ್ಬೀಲಿ ಇಲ್ಲ."

ಪಟೇಲರು ಎದ್ದು ನಿಂತರು. ಮುಖ ಕಪ್ಪಿಟ್ಟಿತ್ತು. "ಈ ಗೋಡೆ ನಂದು ಕಣಯ್ಯ!"

"ಗೋಡೆ ತಮ್ದೇ ಬುದ್ಧಿ. ಇಲ್ಲ ಅಂದೋರ್ಯಾರು? ಸೀಟು ಮಾತ್ರ ಟಿಕೆಟ್ ಇರೋರ್ದು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬಡಿಸುವವನ ವಿನಯವೇ ಇತ್ತು. ಸಿಟ್ಟಿದ್ದಿದ್ದರೆ ಪಟೇಲರಿಗೆ ಉತ್ತರ ಸುಲಭವಾಗುತ್ತಿತ್ತೋ ಏನೋ. "ಅಮಾಸೆ ಒಳಗೆ ಖಾಲಿ ಮಾಡು" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು. ಡ್ರೈವರಮ್ಮ ಹಿಡಿ ಬಿಟ್ಟು ಕೂತಿದ್ದರು. ಕಿಟಕಿಯಲ್ಲಿ ಆ ಎಮ್ಮೆ ನಿಂತಲ್ಲೇ ನಿಂತಿತ್ತು.

ಗಾರ್ಡಪ್ಪ ಕೋಟಿನ ಕಾಲರು ಸರಿಮಾಡಿಕೊಂಡರು. "ಡ್ರೈವರಮ್ಮ, ಯಾಕೆ ನಿಂತೆ? ಸಿಗ್ನಲ್ ಬಿದ್ದದೆ, ಬಿಡು ಗಾಡಿ."

ಆಹಾ, ಆ ತಾಯಿ ಹಿಡಿ ತಿರುಗಿಸಿದ ರಭಸವೇ! ಅಂಥ ವೇಗದಲ್ಲಿ ಗಾಡಿ ಹಿಂದೆ ಹೋಗಿರಲಿಲ್ಲ, ಮುಂದೆಯೂ ಹೋಗಲಿಲ್ಲ. ತೆಂಗಿನಮರಗಳು ಒಂದೇ ಗೆರೆಯಾದವು. ಯಾರೋ ಹೋ ಎಂದು ಕೂಗಿದರು, ಎಲ್ಲರೂ ಕೂಗಿದೆವು. ಸಿದ್ದಯ್ಯನೊಬ್ಬ ಎರಡೂ ಕೈಯಲ್ಲಿ ಲೋಟ ಹಿಡಿದು ಕೊನೆಯ ತೊಟ್ಟಿನವರೆಗೂ ಕುಡಿದ.

ಜನ ಇಳಿದುಹೋದ ಮೇಲೆ ಅವನು ತಡೆಯಲಾರದೆ, "ನಾನು ಎದ್ದು ಹೋಗಿದ್ರೆ ಆಗ್ತಿತ್ತಲ್ಲ. ನನ್ನಿಂದ ನಿಮ್ಮ ಅಂಗಡಿ ಹೋಯ್ತು" ಎಂದ. ಆಗ ಗಾರ್ಡಪ್ಪ ಒಂದು ಸಂಗತಿ ಹೇಳಿದರು. ಅವರಿಗೆ ಇಪ್ಪತ್ತೆರಡು ವಯಸ್ಸಿದ್ದಾಗ, ಗಾಡಿ ಯಾರ್ಡಿನಲ್ಲಿ ಖಾಲಿ ನಿಂತಿತ್ತಂತೆ. ನೆಲ ಒರೆಸಿ, ಬೆನ್ನು ನೋಯುತ್ತಿತ್ತೆಂದು ಊಟದ ಡಬ್ಬಿಯ ಒಂದು ಸೀಟಿನಲ್ಲಿ ಕೂತರಂತೆ. ಒಂದು ನಿಮಿಷ. ಮೇಲಿನವರೊಬ್ಬರು ನೋಡಿ ಕಾಲರು ಹಿಡಿದೆಬ್ಬಿಸಿ, ಅವರ ಕೈಯಲ್ಲೇ ಆ ಸೀಟನ್ನು ಸೋಡಾನೀರು ಹಾಕಿ ಮೂರು ಸಲ ತೊಳೆಸಿದರಂತೆ.

"ಇಪ್ಪತ್ತೆಂಟು ವರ್ಷ ಬಡಿಸ್ದೆ ಸಾ. ಆ ಒಂದು ನಿಮಿಷ ಬಿಟ್ರೆ ಕೂರ್ಲಿಲ್ಲ. ಅಂಗಡಿ ಇಟ್ಟದ್ದು ಶರಬತ್ತು ಮಾರಾಕೆ ಅಂದ್ಕಂಡ್ರಾ? ಶರಬತ್ತು ಎಲ್ಲಾರಾ ಸಿಕ್ತದೆ. ಏಳಪ್ಪ ಅಂತ ನಿಮಗಂದ್ಬುಟ್ಟು, ಇನ್ನ ಯಾವನ್ನ ಕೂರ್ಸಾಕೆ ಅಂಗಡಿ ಮಡೀಕಳ್ಳಾದು?"

ಸಿದ್ದಯ್ಯನ ಮನೆಗೂ ಬಿಸಿ ತಟ್ಟಿತು. ಅವನ ಅಪ್ಪನಿಗೆ ನಾಳೆಯಿಂದ ಗದ್ದೆಗೆ ಬರಬೇಡ ಎಂದು ಪಟೇಲರ ಮನೆಯಿಂದ ಹೇಳಿ ಕಳಿಸಿದರು. ಮುಂದಿನ ಭಾನುವಾರ ಮಗ ಊರಿಗೆ ಹೋದರೆ ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲವಂತೆ. "ಮೂವತ್ತು ವರ್ಷದ ಗೇಮೆ ಒಂದು ಲೋಟ ಶರಬತ್ತಲ್ಲಿ ಕಳದ್ಬುಟ್ಟೆ ಕಣ್ಲಾ" ಎಂದದ್ದೊಂದೇ ಮಾತು. ಸಿದ್ದಯ್ಯ ಸೋಮವಾರ ಕಚೇರಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟು ಕೂತ. ಕೂತದ್ದು ಸರಿಯೋ ತಪ್ಪೋ ಎಂಬುದೊಂದೇ ಅವನನ್ನು ಕೊರೆಯುತ್ತಿತ್ತು. ನಾವು ಏನು ಹೇಳಿದರೂ ತಲೆಗೆ ಹೋಗಲಿಲ್ಲ.

ಅರಕಲಗೂಡಿನಲ್ಲಿ ಬೇರೆ ಯಾರೂ ಜಾಗ ಕೊಡಲಿಲ್ಲ. ಆಗ ರಂಗಸ್ವಾಮಿಯ ತಲೆ ಓಡಿತು. ಚನ್ನರಾಯಪಟ್ಟಣದಲ್ಲಿ ಅವನ ಸೋದರಮಾವ ಕೊಬ್ಬರಿ ವ್ಯಾಪಾರಿ, ಅವರದೊಂದು ಗೋದಾಮು ಖಾಲಿ ಬಿದ್ದಿತ್ತು. ಟಿಕೆಟ್ಟಿನ ಕಟ್ಟಳೆಯನ್ನೂ, ಪಟೇಲರ ಜಗಳವನ್ನೂ ಮುಚ್ಚುಮರೆಯಿಲ್ಲದೆ ಮಾವನಿಗೆ ಹೇಳಿದೆವು. ಅವರು ಗಲ್ಲ ಕೆರೆದುಕೊಂಡು, "ಆಗ್ಲಿ. ಆದ್ರೆ ಒಂದ್ಸಲ ನಂಗೂ ಆ ಹಿಡಿ ತಿರುಗ್ಸಾಕೆ ಬಿಡ್ಬೇಕು" ಎಂದರು. ಗಾರ್ಡಪ್ಪನವರಿಗೂ ಊರು ಒಪ್ಪಿಗೆಯಾಯಿತು. "ಅಲ್ಲೂ ರೈಲಿಲ್ಲ ತಾನೆ? ಅಂಗಾರೆ ಸರಿ. ಹೊಳೆನರಸೀಪುರ ಅಂದಿದ್ರೆ ಬ್ಯಾಡ ಅಂತಿದ್ದೆ. ಅಲ್ಲಿ ನಿಜವಾದ್ದೇ ಅದೆ, ನಮ್ದನ್ನ ಯಾರು ಹತ್ತಾರು?"

ಹೀಗೆ ಅರಕಲಗೂಡಿನ ರೈಲು ನಿಜಕ್ಕೂ ಹೊರಟಿತು! ಮೂರು ಎತ್ತಿನ ಗಾಡಿ. ಒಂದರಲ್ಲಿ ಬೆಂಚು, ಒಂದರಲ್ಲಿ ಕಿಟಕಿ ಬಾಗಿಲು, ಇನ್ನೊಂದರಲ್ಲಿ ಲೋಟ, ಉರುಳೆ, ಪರದೆ, ಡ್ರೈವರಮ್ಮ. ಕೊನೆಯ ಗಾಡಿಯ ಹಿಂಭಾಗದಲ್ಲಿ ಗಾರ್ಡಪ್ಪ ನಿಂತರು. ಸಂತೆ ರಸ್ತೆಯ ಎರಡೂ ಬದಿ ಜನ. ಮಾತಾಡಲು ಹೆದರಿ ಮನೆಯೊಳಗೆ ಇದ್ದವರೂ ಆಚೆ ಬಂದರು. ಗಾರ್ಡಪ್ಪ ಸೀಟಿ ಊದಿ ಹಸಿರು ಬಾವುಟ ಬೀಸಿದರು. ನಾವು ಮೂವರು ಮುಂದೆ ಸೈಕಲ್ ಮೇಲೆ ಗಂಟೆ ಬಾರಿಸುತ್ತ ಹೊರಟೆವು. ನನ್ನ ಮದುವೆಯ ದಿನವೂ ನಾನು ಅಷ್ಟು ಖುಷಿಯಾಗಿರಲಿಲ್ಲ, ಇದನ್ನು ನನ್ನ ಹೆಂಡತಿ ಓದಬಾರದು.

ಹಳೇಕೋಟೆಯಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಮಧ್ಯಾಹ್ನ ಹೊಳೆನರಸೀಪುರ ಮುಟ್ಟಿದಾಗ ಊರಾಚೆ ರೈಲು ಗೇಟು ಹಾಕಿತ್ತು. ನಮ್ಮ ರೈಲು ನಿಂತಿತು, ಅವರ ರೈಲು ಬಂತು. ಇಂಜಿನ್ನು, ಒಂದೊಂದೇ ಡಬ್ಬಿ, ಕಟ್ಟಕಡೆಗೆ ಗಾರ್ಡಿನ ಡಬ್ಬಿ. ಅದರ ಬಾಗಿಲಲ್ಲಿ ನಿಂತಿದ್ದ ನಿಜವಾದ ಗಾರ್ಡು, ಎತ್ತಿನ ಗಾಡಿಯ ಮೇಲೆ ಕರಿ ಕೋಟು ಹಾಕಿ ನಿಂತ ಈ ಮನುಷ್ಯನನ್ನು ಕಂಡು ಕಣ್ಣರಳಿಸಿದ. ಗಾರ್ಡಪ್ಪ ನೆಟ್ಟಗೆ ನಿಂತು ಹಸಿರು ಬಾವುಟ ಎತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಗಾರ್ಡು ತನ್ನ ಬಾವುಟವನ್ನೂ ಬಿಚ್ಚಿ, ಬೀಸಿ, ತಿರುವಿನಲ್ಲಿ ಮರೆಯಾಗುವವರೆಗೂ ಬೀಸುತ್ತಲೇ ಇದ್ದ. ಗೇಟು ತೆಗೆದರೂ ಗಾರ್ಡಪ್ಪ ಕೈ ಇಳಿಸಿರಲಿಲ್ಲ. "ನೋಡಿದ್ಯೇನಮ್ಮಿ, ನಂಗೆ ಕಣೆ ಬೀಸಿದ್ದು" ಎಂದು ಹೆಂಡತಿಗೆ ಹೇಳಿದರು. ಆಕೆ, "ಊಂ, ನೋಡ್ದೆ, ಕೂತ್ಕಳಿ, ಬಿದ್ದೀರಿ" ಎಂದರು.

ಚನ್ನರಾಯಪಟ್ಟಣದಲ್ಲಿ ಅಂಗಡಿ ತೆರೆದ ದಿನ ಜಾತ್ರೆಗೂ ಮೀರಿದ ನೂಕುನುಗ್ಗಲು. ಗೋಡೆಯಲ್ಲಿ ಈಗ ಕೊಬ್ಬರಿಯ ಪರಿ‌ಮಳ, ಯಾರೂ ಸೀನುವಂತಿರಲಿಲ್ಲ. ಸಿದ್ದಯ್ಯ ಬಾಗಿಲಲ್ಲಿ ನಿಂತು ಜನರನ್ನು ಸಾಲು ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಬೆಪ್ಪಾಗಿ ನಿಂತ. ಸಾಲಿನಿಂದ ಒಂದು ಮಾರು ದೂರದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಅವನ ಅಪ್ಪ ನಿಂತಿದ್ದರು. ಮಲ್ಲಿಪಟ್ಟಣದಿಂದ ಅಲ್ಲಿಗೆ ಎಷ್ಟು ದೂರ! ಅರ್ಧ ದಾರಿ ಯಾರದೋ ಗಾಡಿ, ಇನ್ನರ್ಧ ನಡಿಗೆ.

"ನನ್ನ ಗೇಮೆ ತಿಂದ ಸೀಟು ಎಂಗದೆ, ನೋಡಾನ ಅಂತ ಬಂದೆ ಕಣ್ಲಾ" ಎಂದರು.

ಗಾರ್ಡಪ್ಪ ಡಬ್ಬ ಹಿಡಿದು ಅವರಿದ್ದಲ್ಲಿಗೇ ಹೋದರು. ಬಂದ ನಂಬರು ಎರಡು. ಎದುರಿನ ಒಂದನೇ ನಂಬರಿನಲ್ಲಿ ರಂಗಸ್ವಾಮಿಯ ಮಾವ. ಮುದುಕರು ಸೀಟಿನ ಪಕ್ಕ ನಿಂತರು, ಕೂರಲಿಲ್ಲ. ಬೆಂಚನ್ನು ಒಮ್ಮೆ ಅಂಗೈಯಿಂದ ಸವರಿದರು. ಮಗನನ್ನು ನೋಡಿದರು, ಮಾವನನ್ನು ನೋಡಿದರು. ಮಾವ ಕಾಲು ಒಳಗೆಳೆದುಕೊಂಡು, "ಕೂತ್ಕಳಿ ಯಜಮಾನ್ರೆ, ಗಾಡಿ ಒಂಟದೆ" ಎಂದರು. ಮುದುಕರು ಮೊದಲು ತುದಿಯಲ್ಲಿ ಕೂತು, ಆಮೇಲೆ ನಿಧಾನವಾಗಿ ಬೆನ್ನು ಒರಗಿಸಿದರು. ಮೂರು ಬಣ್ಣದ ಲೋಟ ಬಂತು. ಕುಡಿದು, ಮೀಸೆ ಒರೆಸಿ, ಲೋಟ ಕೆಳಗಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತರು. ಗಾಡಿ ನಿಂತಿತು, ಹನ್ನೊಂದು ಜನ ಇಳಿದರು. ಅವರು ಏಳಲಿಲ್ಲ. ಹೊರಗೆ ಕಾಯುವವರ ಗಲಾಟೆ ಜೋರಾಗಿತ್ತು. ಮಾವ ಬಾಗಿಲಿಂದ ಹಿಂದೆ ಬಂದು ಸಮಾಧಾನವಾಗಿಯೇ ಕೇಳಿದರು.

"ಕುಡಿದಾಯ್ತಲ್ಲ ಯಜಮಾನ್ರೆ?"

"ಕುಡ್ದದ್ದು ಆಯ್ತು ಸಾಮಿ" ಎಂದರು ಸಿದ್ದಯ್ಯನ ಅಪ್ಪ. "ಕೂತದ್ದು ಇನ್ನೂ ಆಗಿಲ್ಲ."

ಗಾರ್ಡಪ್ಪ ಬಾಗಿಲಿಗೆ ಹೋಗಿ, ಗಾಡಿ ಒಂದು ಗಂಟೆ ಲೇಟು ಎಂದು ಸಾಲಿನವರಿಗೆ ಕೂಗಿ ಹೇಳಿದರು. ಆಮೇಲೆ ಒಳಗೆ ಬಂದು, ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಒಂದನೇ ನಂಬರಿನಲ್ಲಿ ಮುದುಕರ ಎದುರು ತಾವೂ ಕೂತರು.